ಗಡಿ ಕಾದ ಕೋವಿ

ಪಾಳೇಗಾರರ ಕಾಲದ ಕೋವಿಗಳನ್ನು ಸಂಗ್ರಹಿಸಿ, ಉಪ್ಪಾರಹಳ್ಳಿಯ ನಮ್ಮ ಬಾಡಿಗೆ ಮನೆಯನ್ನೇ ಶಸ್ತ್ರಾಗಾರ ಮಾಡಿಬಿಡುತ್ತೇನೆಂದು ಪಣ ತೊಟ್ಟೆ! ಮೊದಲ ಕೋವಿ ಸಿಕ್ಕಿದ್ದು ಗುಬ್ಬಿಯ ಗುಜರಿ ಅಂಗಡಿ ನರಸಯ್ಯನ ಬಳಿ.

“ಹಾಗಲವಾಡಿ ಪಾಳೇಗಾರ್ರು ಗಡಿ ಕಾಯಕ್ಕೆ ಇಟ್ಕೊಂಡಿದ್ದು ಸಾಮಿ. ಈ ತುಕ್ಕು ನೋಡಿ, ಮುನ್ನೂರು ವರ್ಷದ್ದು!”

ಸುಮ್ಮನೆ ನಂಬಲು ನಾನೇನು ದಡ್ಡನೇ? ಮೂರು ಶನಿವಾರ ಹೋಗಿ ಅಡ್ಡಪ್ರಶ್ನೆ ಹಾಕಿದೆ. ಮೂರು ಸಲವೂ ಅವನು ಅದನ್ನೇ ಹೇಳಿದ. ಹೇಳಿಕೆ ತಾಳೆಯಾಯಿತು, ಕೊಂಡೆ!

ನನ್ನ ಹೆಂಡತಿ ದಾಕ್ಷಾಯಣಿ ಕಣ್ಣು ಕಿರಿದು ಮಾಡಿದಳು. “ರೀ, ನಂಗ್ಯಾಕೋ ಡೌಟು. ಒಸಿ ಉಜ್ಜಿ ನೋಡ್ಲಾ?”

“ಮುಟ್ಟಬೇಡ ಕಣೇ! ತುಕ್ಕೇ ಇತಿಹಾಸ!”

ಕೋವಿಯ ಚರಿತ್ರೆಯನ್ನು ನಾಲ್ಕು ಪುಟ ಬರೆದು, ಕಟ್ಟು ಹಾಕಿಸಿ, ಅದರ ಪಕ್ಕದಲ್ಲೇ ತೂಗುಹಾಕಿದೆ. ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದೆ.

ಮರುದಿನ ಬೆಳಿಗ್ಗೆ ಹೆಡ್ ಕಾನ್‌ಸ್ಟೇಬಲ್ ಅಂಜಿನಪ್ಪ ಬಾಗಿಲಲ್ಲಿ! “ಕೋವಿ ಮಡಗಿದೀರಂತೆ. ಲೈಸೆನ್ಸ್ ತೋರ್ಸಿ ಸಾರ್.”

ಕುಣಿಗಲ್ಲಿನಲ್ಲಿ ಸರ್ಕಾರಿ ಗುಮಾಸ್ತ ನಾನು. ಕೇಸಾದರೆ ಕೆಲಸ ಹೋದಂತೆಯೇ! “ಇದು ನಕಲಿ ಸಾರ್!”

“ಅಸಲಿ ಅಂತ ನಾಲ್ಕು ಪುಟ ಬರ್ದಿರೋರು ಯಾರು ಮತ್ತೆ?”

ನರಸಯ್ಯನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. “ನರಸಯ್ಯ, ಕೋವಿ ಡೂಪ್ಲಿಕೇಟ್ ಅಂತ ಒಂದೇ ಒಂದು ಮಾತು ಹೇಳಪ್ಪ!”

“ಏನಂದ್ರಿ? ನನ್ ಮಾಲು ಡೂಪ್ಲಿಕೇಟಾ? ಪೊಲೀಸ್ನೋರ್ ಮುಂದೆ ಬೇಕಾದ್ರೂ ಹೇಳ್ತೀನಿ, ಅಪ್ಪಟ ಅಸ್ಲಿ!”

ಹೇಳಿಯೇಬಿಟ್ಟ, ಪೊಲೀಸರ ಮುಂದೆಯೇ!

ಅಂಜಿನಪ್ಪ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಡೀರಿ ಸ್ಟೇಷನ್‌ಗೆ.”

ಅಷ್ಟರಲ್ಲಿ ದಾಕ್ಷಾಯಣಿ ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಬಂದವಳೇ ಗಸಗಸ ಉಜ್ಜಿದಳು. ಮುನ್ನೂರು ವರ್ಷದ ಇತಿಹಾಸ ಕೆಂಪು ನೀರಾಗಿ ಹರಿದುಹೋಯಿತು. ಅಡಿಯಲ್ಲಿ ಹೊಳೆಯಿತು ಐಎಸ್‌ಐ ಮಾರ್ಕು! ನಳಿಕೆಯಲ್ಲ, ನಲ್ಲಿಯ ಪೈಪು!

“ನಕಲಿ! ನಕಲಿ!” ಎಂದು ಕುಣಿದಾಡಿದೆ. ಮೋಸ ಹೋಗಿದ್ದಕ್ಕೆ ಇಷ್ಟು ಸಂತೋಷಪಟ್ಟ ಗಿರಾಕಿ ತುಮಕೂರಿನಲ್ಲೇ ಇರಲಿಕ್ಕಿಲ್ಲ!

ಅಂಜಿನಪ್ಪ ಒಂದು ಹಾಳೆ ಚಾಚಿದರು. “‘ನನಗೆ ಅಸಲಿ ಯಾವ್ದು, ನಕಲಿ ಯಾವ್ದು ಗೊತ್ತಾಗಲ್ಲ’ ಅಂತ ಬರ್ದು ಸೈನ್ ಹಾಕಿ ಸಾರ್.”

ಬರೆದೆ. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಹೆಸರಿನ ಮುಂದೆ ಬಿ.ಎ. ಸೇರಿಸದೆ ಎಲ್ಲೂ ಸಹಿ ಹಾಕಿದವನಲ್ಲ. ಪೆನ್ನು ಅತ್ತ ಸರಿಯುತ್ತಿದ್ದಂತೆ ದಾಕ್ಷಾಯಣಿ ಗಬಕ್ಕನೆ ಕೈ ಹಿಡಿದಳು.

“ಡಿಗ್ರಿ ಒಂದು ಬರೀಬ್ಯಾಡಿ ಕಣ್ರೀ... ಅದ್ನೂ ಉಜ್ಜಿ ತೋರ್ಸಿ ಅಂದಾರು!”