ಮಲಗಿ ದುಡಿಯುವ ಕಂಪ್ಯೂಟರು

"ಅಂಗಡಿಯಾಂವ ಯಾಕ ಬೇಕು? ದಿನಾ ಮಷೀನ್ ಬಿಡಿಭಾಗ ಹಿಡಿದು ತಪ್ಪು ಹುಡುಕಾಂವ ನಾ. ಕಂಪ್ಯೂಟರಿಗೆ ಒಂದು ಕಾರ್ಡ್ ಕೂಡಸಾಕ ಇನ್ನೊಬ್ಬನ್ನ ಕರೀಬೇಕೇನು?" ಎಂದು ಸಂಗಮೇಶ ಶನಿವಾರ ಬೆಳಿಗ್ಗೆ ಹೆಂಡತಿಗೆ ಹೇಳಿದ. ಬಾಗಲಕೋಟೆ ಕಡೆಯಿಂದ ಬಂದು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು. ತನ್ನ ಕಣ್ಣು ತಪ್ಪಿಸಿ ಒಂದು ವಾಷರ್ ಕೂಡ ಗೇಟು ದಾಟಿಲ್ಲ ಎಂಬುದು ಅವನದೇ ಹೇಳಿಕೆ.

ಹೆಂಡತಿ ದಾಕ್ಷಾಯಣಿ ಮನೆಯಲ್ಲೇ ಕೂತು ಮನೆಗಳ ಇಂಟೀರಿಯರ್ ಡಿಸೈನ್ ಮಾಡುತ್ತಿದ್ದಳು. ಇಷ್ಟು ದಿನ ಬೇರೆ ಡಿಸೈನರುಗಳ ಕೈಕೆಳಗೆ ಮಾಡಿಕೊಡುತ್ತಿದ್ದವಳಿಗೆ ಈಗ ಸ್ವಂತದ್ದು ಅಂತ ಮೊದಲ ಕೆಲಸ ಬರುವುದರಲ್ಲಿತ್ತು. ಅಬ್ಬಿಗೆರೆಯಲ್ಲಿ ಅವರು ಬಾಡಿಗೆಗಿದ್ದ ಮನೆಯ ಮಾಲೀಕರು ವೆಂಕಟಸ್ವಾಮಿ ಮತ್ತು ಮಾರಕ್ಕ. ಕೆಳಗಡೆಯೇ ಇರುವ ಆ ದಂಪತಿ ಪಕ್ಕದ ಸೈಟಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ಮನೆ ಮುಗಿದ ಮೇಲೆ ಒಳಗೆ ಹೇಗೆ ಕಾಣುತ್ತದೆ ಎಂದು ತಲೆಬಾಗಿಲಿನಿಂದ ಅಡುಗೆಮನೆಯವರೆಗೆ ಕಂಪ್ಯೂಟರಿನಲ್ಲೇ ನಡೆದಾಡಿಸಿ ತೋರಿಸಬೇಕಿತ್ತು. ಭಾನುವಾರ ಸಂಜೆ ನೋಡಲು ಬರುತ್ತೇವೆ ಅಂದಿದ್ದರು. ಇಷ್ಟವಾದರೆ ಕೆಲಸ ದಾಕ್ಷಾಯಣಿಗೆ, ಇಲ್ಲವಾದರೆ ಮಾರಕ್ಕನ ತಮ್ಮ ಹೇಳಿಟ್ಟಿದ್ದ ಇನ್ಯಾರಿಗೋ.

ಹಳೆಯ ಗ್ರಾಫಿಕ್ಸ್ ಕಾರ್ಡು ಆ ಚಿತ್ರಗಳ ಭಾರ ಎಳೆಯಲಾರದೆ ತೆವಳುತ್ತಿತ್ತು. ಅದನ್ನು ಅಂಗಡಿಗೆ ಬದಲಿಗೆ ಕೊಟ್ಟು ಸಂಗಮೇಶ ಹೊಸದು ತಂದಿದ್ದ. ಹೊಸದು ಇಟ್ಟಿಗೆಯಷ್ಟು ದಪ್ಪ, ಇಟ್ಟಿಗೆಯಷ್ಟೇ ಭಾರ. ಕಂಪ್ಯೂಟರಿನ ಡಬ್ಬ ಬಿಚ್ಚಿ, ಕಾರ್ಡನ್ನು ಅದರ ಸಂದಿಗೆ ಒತ್ತಿ, ವೈರು ಸಿಕ್ಕಿಸಿ, ಮುಚ್ಚಿ, ಮೇಜಿನ ಕೆಳಗೆ ನಿಲ್ಲಿಸಿದ. ಪರದೆ ಹೊಳೆಯಿತು. ಆಫೀಸಿನ ಗೆಳೆಯರಿಗೆ ಫೋಟೋ ಹೋಯಿತು.

ಮಧ್ಯಾಹ್ನ ದಾಕ್ಷಾಯಣಿ ಕೆಲಸಕ್ಕೆ ಕೂತಳು. ಮಾರಕ್ಕನ ದೇವರಮನೆಗೆ ಬಾಗಿಲು ಕೂರಿಸುತ್ತಿದ್ದಾಗ ಪರದೆ ಕಪ್ಪಾಯಿತು. ಮತ್ತೆ ಚಾಲೂ ಮಾಡಿದಳು. ಈ ಸಲ ಬಾಗಿಲು ಕೂತಿತು, ಗಂಟೆ ತೂಗುಹಾಕುವಷ್ಟರಲ್ಲಿ ಮತ್ತೆ ಕಪ್ಪು.

"ರೀ, ಇದು ಮಲಕೊಂಡ್ತು ನೋಡ್ರಿ."

"ಡ್ರೈವರ್ ತಪ್ಪು. ಹಳೇ ಡ್ರೈವರ್ ತಗದು ಹೊಸದು ಹಾಕಿದ್ರ ಸರಿ ಹೋಗ್ತೈತಿ" ಎಂದ ಸಂಗಮೇಶ.

"ಡ್ರೈವರ್ ಇರ್ಲಿ ಬಿಡ್ರಿ. ನನಗ ಮೆಕ್ಯಾನಿಕ್ ಮ್ಯಾಲೆ ಸಂಶಯ ಬರಾಕತ್ತೈತಿ."

ಸಂಗಮೇಶ ಅದನ್ನು ಕೇಳಿಸಿಕೊಳ್ಳಲಿಲ್ಲ. ಕಾರ್ಡನ್ನು ಓಡಿಸುವ ಡ್ರೈವರ್ ಎಂಬ ಸಾಫ್ಟ್‌ವೇರ್ ಬದಲಾಯಿತು. ಕಂಪ್ಯೂಟರು ಚೆನ್ನಾಗಿಯೇ ಓಡುತ್ತಿತ್ತು. ಅಷ್ಟರಲ್ಲಿ ಗೋಡೆಯಾಚೆ ಬಾಲ್ಕನಿಯಲ್ಲಿದ್ದ ವಾಷಿಂಗ್ ಮಷೀನು ಬಟ್ಟೆ ಹಿಂಡಲು ಗಿರ್ರನೆ ತಿರುಗಿತು. ಪರದೆ ಕಪ್ಪಾಯಿತು. ಸಂಗಮೇಶನ ಮುಖ ಬೆಳಗಿತು.

"ಸಿಕ್ತು. ಕರೆಂಟಿಂದ ಲಫಡಾ. ವಾಷಿಂಗ್ ಮಷೀನ್ ಕರೆಂಟೆಲ್ಲಾ ಎಳಕೊಳ್ಳಾಕತ್ತೈತಿ."

ಅಲ್ಲಿಂದ ಮನೆಯಲ್ಲಿ ತುರ್ತು ಪರಿಸ್ಥಿತಿ ಜಾರಿಗೆ ಬಂತು. ವಾಷಿಂಗ್ ಮಷೀನು ಬಂದ್. ಮುನ್ನೆಚ್ಚರಿಕೆಗೆ ಮಿಕ್ಸಿ ಬಂದ್, ಆದ್ದರಿಂದ ಚಟ್ನಿಯೂ ಬಂದ್. ಫ್ರಿಜ್ಜಿನ ಪ್ಲಗ್ಗು ಕಿತ್ತದ್ದರಿಂದ ಭಾನುವಾರ ಬೆಳಿಗ್ಗೆಗೆ ಹಾಲು ಒಡೆದಿತ್ತು. ನೆನೆದ ಬಟ್ಟೆಯ ರಾಶಿ ಹೊತ್ತು ದಾಕ್ಷಾಯಣಿ ಕೆಳಗಿನ ಒಗೆಯುವ ಕಲ್ಲಿಗೆ ಹೋದಳು.

ಮಾರಕ್ಕ ಅಂಗಳದಲ್ಲಿ ನಿಂತಿದ್ದಳು. "ಇದೇನವ್ವ, ಕೈಯಾಗ್ ಒಗೀತಿದ್ದೀಯ? ಮಷೀನು ಕೆಟ್ಟೋಯ್ತಾ?"

"ಇಲ್ರೀ ಅಕ್ಕಾ, ಕಂಪ್ಯೂಟರ್ ಕೆಟ್ಟೈತಿ."

ಮಾರಕ್ಕ ಒಗೆಯುವ ಕಲ್ಲಿನ ಹತ್ತಿರಕ್ಕೇ ಬಂದಳು. "ಕಂಪ್ಯೂಟರ್ ಕೆಟ್ರೆ ಬಟ್ಟೆ ಯಾಕೆ ಕೈಯಾಗ್ ಒಗೀಬೇಕು?"

"ಅದನ್ನ ನಮ್ಮನಿಯವರನ್ನ ಕೇಳ್ಬೇಕ್ರಿ."

ಮೇಲೆ ಕಂಪ್ಯೂಟರು ಮಾತ್ರ ಒಂದೂ ತೊಂದರೆ ಕೊಡದೆ ಓಡುತ್ತಿತ್ತು. ಫ್ಯಾನ್ ಕೂಡ ಇಲ್ಲದೆ ಬೆವರುತ್ತ ಕಾವಲು ಕೂತಿದ್ದ ಸಂಗಮೇಶ ಹೆಂಡತಿ ಬಂದೊಡನೆ, "ನೋಡಿದೇನು? ಸಮಸ್ಯಾ ಅಂದ್ರ ಬುಡ ಹುಡಕಬೇಕು" ಎಂದ. ಒಡೆದ ಹಾಲಿಗೆ ಬದಲು ಬೇರೆ ತರುತ್ತೇನೆಂದು ಚೀಲ ಹಿಡಿದು ಗೆದ್ದವನ ಗತ್ತಿನಲ್ಲಿ ಹೊರಟು, ಬಾಗಿಲನ್ನು ಧಡಾರನೆ ಎಳೆದುಕೊಂಡ.

ಒಳಗೆ ಪರದೆ ಕಪ್ಪಾಯಿತು.

ಅವನು ಹಾಲು ಹಿಡಿದು ಬಂದಾಗ ದಾಕ್ಷಾಯಣಿ ಕೂಗಾಡಲಿಲ್ಲ. "ಈಗ ಯಾವ್ದು ಕರೆಂಟ್ ಎಳಕೊಂಡ್ತ್ರಿ? ಬಾಗಲಿಗೂ ಪ್ಲಗ್ ಐತೇನು?" ಎಂದಷ್ಟೇ ಕೇಳಿದಳು. ಆಮೇಲೆ, "ಹಳೇ ಕಾರ್ಡ್ ಹಾಕಿಕೊಡ್ರಿ. ತೆವಳಿದ್ರೂ ನಡೀತೈತಿ" ಎಂದಳು.

"ಅದನ್ನ ಅಂಗಡಿಗೆ ಕೊಟ್ಟೇನಲ್ಲ."

ಅವಳ ಕಣ್ಣಲ್ಲಿ ನೀರು ಬಂದಿದ್ದನ್ನು ಕಂಡು ಸಂಗಮೇಶನಿಗೆ ಮೊದಲ ಸಲ ಹೆದರಿಕೆಯಾಯಿತು. "ಎಲ್ಲಾ ಅಳಿಸಿ ಕಂಪ್ಯೂಟರನ್ನ ಹೊಸದಾಗಿ..." ಎಂದು ಶುರುಮಾಡಿದ. ಅವಳು ಕುರ್ಚಿ ಎಳೆದು ಕಂಪ್ಯೂಟರಿಗೂ ಅವನಿಗೂ ನಡುವೆ ಕೂತಳು. "ಇದನ್ನ ಮುಟ್ಟಬ್ಯಾಡ್ರಿ. ಅಂಗಡಿಯಾಂವನ್ನ ಕರಕೊಂಡು ಬರ್ರಿ."

ಬೈಕ್ ಹತ್ತಿ ಹೋದ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಲಾರಿಗಳ ನಡುವೆ ನಿಂತು, ಕರೆದಿದ್ದರೆ ನಿನ್ನೆಯೇ ಬಂದು ಕೂರಿಸಿಕೊಟ್ಟು ಹೋಗುತ್ತಿದ್ದ ಆ ಮನುಷ್ಯನನ್ನು ನೆನೆದ. ಭಾನುವಾರ, ಅಂಗಡಿಗೆ ಬೀಗ. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಹೆಂಡತಿಗೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತ ವಾಪಸು ಬಂದ. ಮೆಟ್ಟಿಲು ಹತ್ತುವಾಗ ವಾಷಿಂಗ್ ಮಷೀನು ಗಿರ್ರನೆ ತಿರುಗುವ ಸದ್ದು ಕೇಳಿಸಿತು. ಉಳಿದ ಮೆಟ್ಟಿಲುಗಳನ್ನು ಓಡಿ ಹತ್ತಿದ.

ಮಿಕ್ಸಿಯೂ ಓಡಿ ಮುಗಿದಿತ್ತು, ಮನೆತುಂಬ ಒಗ್ಗರಣೆಯ ವಾಸನೆ. ದಾಕ್ಷಾಯಣಿ ಪರದೆಯ ಮುಂದೆ ಕೂತು ಮಾರಕ್ಕನ ಅಡುಗೆಮನೆಗೆ ಟೈಲ್ಸ್ ಹಾಕುತ್ತಿದ್ದಳು. ಕಂಪ್ಯೂಟರಿನ ಡಬ್ಬ ಮಾತ್ರ ಮೇಜಿನ ಕೆಳಗೆ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿತ್ತು.

"ಏನ್ ಮಾಡಿದಿ?"

"ಮಂದಿ ಬರ್ತಾರಂತ ನೆಲ ಒರಸಾಕ ಅದನ್ನ ಮಲಗಿಸಿದೆ. ಹ್ಯಾಂಗೂ ಕೆಟ್ಟೈತಿ, ಮಲಗೇ ಇರ್ಲಿ ಅಂತ ಒಮ್ಮೆ ಚಾಲೂ ಮಾಡಿದೆ. ಆವಾಗಿಂದ ಓಡಾಕತ್ತೈತಿ. ನಿಲ್ಲಿಸಿದ್ರ ಮಲಗ್ತೈತಿ, ಮಲಗಿಸಿದ್ರ ಏಳ್ತೈತಿ. ಯಾಕಂತ ಗೊತ್ತಿಲ್ಲ."

ಸಂಗಮೇಶ ಮಂಡಿಯೂರಿ ಡಬ್ಬದ ಹಿಂಬದಿಗೆ ಇಣುಕಿದ. ಗೊತ್ತಾಯಿತು. ಆ ಇಟ್ಟಿಗೆಯಂಥ ಕಾರ್ಡನ್ನು ಡಬ್ಬಕ್ಕೆ ಬಿಗಿಯಬೇಕಿದ್ದ ಸ್ಕ್ರೂವನ್ನೇ ಅವನು ಹಾಕಿರಲಿಲ್ಲ. ನಿಂತ ಡಬ್ಬದಲ್ಲಿ ಕಾರ್ಡು ಜೋತುಬಿದ್ದಿತ್ತು. ನೆಲ ಅದುರಿದಾಗ, ಬಾಗಿಲು ಬಡಿದಾಗ ಅದರ ಹಿಡಿತ ತಪ್ಪುತ್ತಿತ್ತು. ಮಲಗಿಸಿದ ಮೇಲೆ ತನ್ನ ಭಾರಕ್ಕೆ ತಾನೇ ಸಂದಿಯಲ್ಲಿ ಒತ್ತಿ ಕೂತಿತ್ತು. ಕಾರ್ಖಾನೆಯಲ್ಲಿ ಇಂಥ ಮಾಲು ಬಂದಿದ್ದರೆ ಕೆಂಪು ಚೀಟಿ ಅಂಟಿಸಿ, ಮಾಡಿದವನ ಹೆಸರು ಬರೆಸುತ್ತಿದ್ದ.

"ಏನ್ರೀ, ಏನ್ ಕಂಡ್ತು?"

"ಸ್ಕ್ರೂ ಹಾಕಿಲ್ಲ" ಎಂದ ಮೆಲ್ಲಗೆ.

"ಯಾರು?"

ಅವನು ಉತ್ತರ ಹೇಳುವ ಮೊದಲೇ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಈಗ ಬಿಚ್ಚುವಂತಿರಲಿಲ್ಲ.

ವೆಂಕಟಸ್ವಾಮಿ, ಮಾರಕ್ಕ ಬಂದು ಕೂತರು. ದಾಕ್ಷಾಯಣಿ ಅವರನ್ನು ತಲೆಬಾಗಿಲಿನಿಂದ ಒಳಗೆ ಕರೆದೊಯ್ದಳು. ದೇವರಮನೆಯಲ್ಲಿ ಮಾರಕ್ಕ ಪರದೆಗೇ ಕೈಮುಗಿದಳು. ಅಡುಗೆಮನೆಯ ಕಿಟಕಿ ಇನ್ನಷ್ಟು ದೊಡ್ಡದಿರಬೇಕು ಎಂದಳು. ದಾಕ್ಷಾಯಣಿ ಅಲ್ಲೇ ದೊಡ್ಡದು ಮಾಡಿ ತೋರಿಸಿದಳು. "ಇನ್ಯಾರನ್ನೂ ಕೇಳೋದ್ ಬ್ಯಾಡ. ಈ ಮಗೀನೇ ಮಾಡ್ಲಿ" ಎಂದು ಮಾರಕ್ಕ ತೀರ್ಮಾನ ಕೊಟ್ಟಳು. ವೆಂಕಟಸ್ವಾಮಿ ತಲೆಯಾಡಿಸಿದರು.

ಆಗ ಮಾರಕ್ಕನ ಕಣ್ಣು ಮೇಜಿನ ಕೆಳಗೆ ಹೋಯಿತು. "ಇದ್ಯಾಕವ್ವ, ಇಂಗೆ ಮಲಗ್ಬುಟ್ಟೈತೆ?"

ಸಂಗಮೇಶ ಗಂಟಲು ಸರಿಮಾಡಿಕೊಂಡ. "ಹೊಸಾ ನಮೂನಿದ್ರೀ ಅಕ್ಕಾರ. ಮಲಕೊಂಡೇ ಕೆಲಸ ಮಾಡ್ತೈತಿ."

ಮಾರಕ್ಕ ಗಂಡನ ಕಡೆ ತಿರುಗಿ ನೋಡಿದಳು. "ನಮ್ಮನೇಲೂ ಒಂದೈತೆ. ಮಲಗ್ತದೆ, ಕೆಲಸ ಮಾತ್ರ ಮಾಡಲ್ಲ."

"ನಮ್ಮನಿಯವರು ಹಂಗಲ್ರೀ ಅಕ್ಕಾ. ಕೆಲಸ ಮಾಡ್ತೀನಂತ ಎದ್ದು ನಿಂತ್ರಂದ್ರನೇ ನಮಗ ತ್ರಾಸು" ಎಂದಳು ದಾಕ್ಷಾಯಣಿ.

ಎಲ್ಲರಿಗೂ ಚಹಾ ಮಾಡಿ ತರೋಣವೆಂದು ಅದೇ ತಾನೇ ಎದ್ದಿದ್ದ ಸಂಗಮೇಶ ಸದ್ದಿಲ್ಲದೆ ಮತ್ತೆ ಕೂತುಕೊಂಡ.