ಮುತ್ತಜ್ಜನ ಕಾಲಕ್ಕೆ ಹೋಗದೆ ಉಳಿದದ್ದು

ಹೇಳಿದರೆ ನಗುತ್ತೀರಿ, ನನಗೆ ಟ್ರಾಫಿಕ್ ಜಾಮ್ ಅಂದರೆ ಇಷ್ಟ. ಬೆಂಗಳೂರಿನಲ್ಲಿದ್ದುಕೊಂಡು ಹೀಗೆ ಹೇಳಿಕೊಳ್ಳುವವಳು ಬಹುಶಃ ನಾನೊಬ್ಬಳೇ. ನನ್ನ ಮನೆ ಕುಂದಲಹಳ್ಳಿಯ ಹಳೇ ಊರೊಳಗೆ, ಕೆಲಸ ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ. ದೂರ ಅಷ್ಟೇನಿಲ್ಲ, ಆದರೆ ಕಂಪನಿ ಬಸ್ಸು ಅದನ್ನು ಎಳೆದೆಳೆದು ಒಂದು ಗಂಟೆ ಮಾಡುತ್ತದೆ. ಆ ಒಂದು ಗಂಟೆ ನಾನು ಕಿಟಕಿ ಪಕ್ಕದ ಸೀಟಿನಲ್ಲಿ ಚಪ್ಪಲಿ ಕಳಚಿ, ಕಾಲು ಮೇಲಕ್ಕೆಳೆದುಕೊಂಡು, ಯಾರದೋ ಕಾರಿನೊಳಗೆ ಯಾರೋ ಜಗಳವಾಡುವುದನ್ನು ನೋಡುತ್ತ ಆರಾಮಾಗಿ ಕೂತಿರುತ್ತೇನೆ. ಉಪ್ಪೆಲ್ಲಿ, ಟವೆಲ್ಲೆಲ್ಲಿ, ಚಾರ್ಜರ್ ಎಲ್ಲಿ ಎಂದು ಕೇಳುವವರಿಲ್ಲ. ಸಿಗ್ನಲ್ ಹಸಿರಾದರೆ ಬಸ್ಸಿನವರೆಲ್ಲ ಖುಷಿಪಡುತ್ತಾರೆ, ನನ್ನ ಮುಖ ಸಪ್ಪಗಾಗುತ್ತದೆ. ಇಂಥ ನನ್ನ ಸೀಟು ಹೋದ ವರ್ಷ ಕೈತಪ್ಪಿ ಹೋಗುವುದರಲ್ಲಿತ್ತು, ಅದೂ ಒಂದು ಟೀವಿ ಕಾರ್ಯಕ್ರಮದ ದೆಸೆಯಿಂದ.

ಕಾರ್ಯಕ್ರಮದ ಹೆಸರು ‘ಮುತ್ತಜ್ಜನ ಮನೆ’. ಪಟ್ಟಣದ ಒಂದು ಕುಟುಂಬವನ್ನು ಹಿಡಿದು ತಂದು, ಊರಾಚೆ ಕಟ್ಟಿಸಿದ ಮಣ್ಣಿನ ಮನೆಯಲ್ಲಿ ಎರಡು ತಿಂಗಳು ಬಿಡುತ್ತಾರೆ. ಕರೆಂಟಿಲ್ಲ, ಗ್ಯಾಸಿಲ್ಲ, ಫೋನಿಲ್ಲ. ಮುತ್ತಜ್ಜ ಬದುಕಿದ ಹಾಗೆ ಬದುಕಬೇಕು. ಮೊದಲ ಸೀಸನ್ನಿನಲ್ಲಿ ಬಂದಿದ್ದ ಗಂಡಸು ಅಭ್ಯಾಸಬಲದಿಂದ ಗೋಡೆಗುಂಟ ಕೈಯಾಡಿಸುತ್ತ ಪ್ಲಗ್ ಪಾಯಿಂಟ್ ಹುಡುಕುತ್ತಿದ್ದ. ಅವನ ಹೆಂಡತಿ ಒಲೆ ಊದಿ ಊದಿ ಅಳುತ್ತಿದ್ದಳು. ಅರ್ಧ ಹೊಗೆಗೆ, ಇನ್ನರ್ಧ ನಿಜವಾಗಿಯೂ. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ನಮ್ಮೆಜಮಾನರು ಮಾತ್ರ ನಗುತ್ತಿರಲಿಲ್ಲ. ಟೀವಿಯಲ್ಲಿ ಜಗಲಿ ಕಂಡಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದರು.

ಅವರ ಸಂಕಟವೂ ಸುಳ್ಳಲ್ಲ. ನಮ್ಮದು ಇದೇ ಊರಿನ ಹಳೇ ಒಕ್ಕಲು ಮನೆತನ. ಮಾವನವರ ಕಾಲದಲ್ಲಿ ರಾಗಿ ಹೊಲವಿದ್ದ ಕಡೆ ಈಗ ಗಾಜಿನ ಕಟ್ಟಡ ಎದ್ದಿದೆ. ದನದ ಕೊಟ್ಟಿಗೆಯಿದ್ದ ಕಡೆ ನಮ್ಮದೇ ಪೀಜಿ ಎದ್ದಿದೆ. ಆ ಪೀಜಿ ನೋಡಿಕೊಳ್ಳುವುದೇ ಇವರ ಉದ್ಯೋಗ. ನೀರಿನ ಟ್ಯಾಂಕರಿಗೆ ಫೋನ್ ಮಾಡುವುದು, ಗೀಸರ್ ಕೆಟ್ಟಿದೆ ಎನ್ನುವ ಹುಡುಗರಿಗೆ ಸಮಾಧಾನ ಹೇಳುವುದು. “ನಮ್ ತಾತ ಜಗಲಿ ಮೇಲೆ ಕೂತಿದ್ರೆ ಊರೋರು ಚಪ್ಲಿ ಕೈಲಿ ಹಿಡ್ಕೊಂಡು ಹೋಗ್ತಿದ್ರಂತೆ ಕಣೇ. ನನ್ನ ಕಂಡ್ರೆ ಈ ಹುಡುಗ್ರು ಕಿವೀಲಿರೋ ಇಯರ್‌ಫೋನ್ ಸಹ ತೆಗೆಯಲ್ಲ” ಎಂದು ಒಮ್ಮೆ ಎಷ್ಟು ಬೇಸರದಿಂದ ಹೇಳಿದರೆಂದರೆ ನನಗೆ ಪಾಪ ಅನ್ನಿಸಿ ಇನ್ನೊಂದು ವಡೆ ಹಾಕಿದೆ. ಆ ವಡೆ ತಿಂದ ಹುಮ್ಮಸ್ಸಿನಲ್ಲೇ ಇರಬೇಕು, ಮಗಳು ಸಿಂಚನಾ ಕೈಯಲ್ಲಿ ಮನೆಯವರದೆಲ್ಲ ಒಂದು ವಿಡಿಯೋ ಮಾಡಿಸಿ ಚಾನೆಲ್ಲಿಗೆ ಕಳಿಸಿಬಿಟ್ಟರು. ಲಕ್ಷಾಂತರ ಜನ ಕಳಿಸುತ್ತಾರೆ, ನಮ್ಮನ್ನು ಯಾರು ಕರೆಯುತ್ತಾರೆ ಎಂದು ನಾನೂ ಸುಮ್ಮನಿದ್ದೆ.

ಕರೆದರು. ಪೂರ್ಣಿಮಾ ಎನ್ನುವ ಡೈರೆಕ್ಟರ್ ಹುಡುಗಿ ಫೋನ್ ಮಾಡಿ, ಊರಿನ ಮೂಲನಿವಾಸಿಗಳು ಬೇಕಿತ್ತು, ನಿಮ್ಮ ಮನೆ ಕೊನೆಯ ಸುತ್ತಿಗೆ ಬಂದಿದೆ ಎಂದಳು. ಆಮೇಲೆ ಒಬ್ಬೊಬ್ಬರದೂ ಪಾತ್ರ ವಿವರಿಸಿದಳು. ಮನೆಯ ಯಜಮಾನ ಜಗಲಿ ಮೇಲೆ ಎಲೆ ಅಡಿಕೆ ಹಾಕಿಕೊಂಡು ನ್ಯಾಯ ಹೇಳಬೇಕು. ಸೊಸೆ ಕೋಳಿ ಕೂಗುವ ಮುಂಚೆ ಎದ್ದು ಕೊಟ್ಟಿಗೆ ಬಾಚಿ, ನೀರು ಸೇದಿ, ರಾಗಿ ಬೀಸಿ, ಎಲ್ಲರಿಗೂ ಇಕ್ಕಿ, ಉಳಿದದ್ದನ್ನು ಉಣ್ಣಬೇಕು. “ನನ್ ಡ್ಯೂಟಿ?” ಎಂದೆ. “ಆ ಕಾಲ್ದಲ್ಲಿ ಸೊಸೆಯಂದ್ರು ಡ್ಯೂಟಿಗೆ ಹೋಗ್ತಿರ್ಲಿಲ್ಲ ಮೇಡಂ” ಎಂದಳು, ತುಂಬಾ ವಿನಯದಿಂದ. ನಮ್ಮ ಮ್ಯಾನೇಜರನ್ನು ಕೇಳಿದರೆ, ಎರಡು ತಿಂಗಳು ರಜೆ ಹಾಕಿದರೆ ವಾಪಸ್ ಬರುವ ತೊಂದರೆ ತಗೋಬೇಡಿ ಎಂದರು. ಇವರಿಗೆ ಹೇಳಿದೆ. “ಹೋದ್ರೆ ಹೋಗ್ಲಿ ಬಿಡೇ, ಟೀವೀಲಿ ಬರ್ತೀಯ!” ಎಂದರು. ಅಷ್ಟರಲ್ಲಾಗಲೇ ಮೀಸೆ ಬಿಡಲು ಶುರುಮಾಡಿದ್ದರು.

ಉಳಿದವರು ನಮ್ಮತ್ತೆ. ಒಲೆ, ಬೀಸೋಕಲ್ಲು, ಬಾವಿ ಎಲ್ಲವನ್ನೂ ನಿಜವಾಗಿ ಕಂಡವರು. ಅವರಾದರೂ ಬೇಡ ಎನ್ನಲಿ ಎಂದು ಪಕ್ಕದಲ್ಲಿ ನಿಂತು ಗೋಳು ತೋಡಿಕೊಂಡೆ. ಸೀರಿಯಲ್ಲಿನ ನಡುವೆ ಜಾಹೀರಾತು ಬರುವವರೆಗೆ ಕಾದು ಹೇಳಿದರು, “ಒಂದ್ ಕಿತ ಬದುಕಿ ಬಂದಿವ್ನಲ್ಲಮ್ಮ, ಸಾಲ್ದಾ? ಅದ್ರಾಗೆ ಏನೈತೆ ಅಂತ ತಿರುಗಾ ಓಗ್ಬೇಕು?” ನನಗೆ ಹೋದ ಜೀವ ಬಂತು. ಆದರೆ ಹಿಂದೆಯೇ, “ಆದ್ರೂ ಮಗ ಆಸೆ ಪಡ್ತಾವ್ನೆ, ಬ್ಯಾಡ ಅನ್ನಾಕೆ ಬಾಯಿ ಬರಾಕಿಲ್ಲ” ಎಂದು ಸೇರಿಸಿ ಸೀರಿಯಲ್ಲಿಗೆ ಮರಳಿದರು.

ಕೊನೆಯ ಸುತ್ತು ಎಂದರೆ ಚಾನೆಲ್ಲಿನವರು ಒಂದು ಭಾನುವಾರ ಇಡೀ ದಿನ ಮನೆಗೆ ಬಂದು ನಮ್ಮ ‘ಇಂದಿನ ಬದುಕ’ನ್ನು ಚಿತ್ರೀಕರಿಸುವುದು. ಏನೂ ನಟಿಸಬೇಡಿ, ದಿನಾ ಹೇಗಿರುತ್ತೀರೋ ಹಾಗಿರಿ ಎಂದಿದ್ದರು. ನಾನು ಜಾಮಿನಲ್ಲಿ ನಿಂತ ಬಸ್ಸಿನಲ್ಲಿ ಕೂತು ಒಂದು ಉಪಾಯ ಹೂಡಿದೆ. ಆ ದಿನ ಶುದ್ಧ ಸೋಮಾರಿಯಾಗಿಬಿಡುವುದು. ಎಂಟು ಗಂಟೆಗೆ ಏಳುವುದು, ತಿಂಡಿ ಮೊಬೈಲಿನಲ್ಲಿ ತರಿಸುವುದು, ಸೋಫಾದ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಅಲ್ಲಿಂದ ಕದಲದಿರುವುದು. ಇಂಥ ಸೊಸೆಯನ್ನು ಕೊಟ್ಟಿಗೆ ಬಾಚಲು ಯಾರು ಕರೆದುಕೊಂಡು ಹೋಗುತ್ತಾರೆ? ಒಪ್ಪಿಕೊಳ್ಳಿ, ಉಪಾಯ ಕೆಟ್ಟದ್ದೇನಲ್ಲ.

ಅವರು ಬೆಳಕು ಹರಿಯುವ ಹೊತ್ತಿಗೇ ವ್ಯಾನಿನಲ್ಲಿ ಬಂದಿಳಿದರು. ನಾನು ನೈಟಿಯಲ್ಲೇ ಸೋಫಾದ ಮೇಲೆ ಒರಗಿ, ಫೋನು ಹಿಡಿದು, ಯಾರನ್ನೂ ಮಾತಾಡಿಸದೆ ಕೂತೆ. ಆಗ ಬಾಗಿಲ ಬಳಿಯಿಂದ ಅತ್ತೆಯ ದನಿ ಕೇಳಿತು, “ಪಾಪ, ಯಾವೊತ್ನಾಗೆ ಎದ್ದು ಬಂದವೋ ಉಡ್ಗುರು. ಒಟ್ಟೆಗೆ ಏನಾದ್ರೂ ಬಿದ್ದೈತೋ ಇಲ್ವೋ.” ನಮ್ಮ ಮನೆಯಲ್ಲಿ ಕರೆಂಟ್ ಮೀಟರ್ ನೋಡುವವನೂ ಬಾಯಿಗೇನಾದರೂ ಹಾಕಿಕೊಳ್ಳದೆ ಹೋದವನಲ್ಲ. ಹಸಿದು ಬಂದವರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂರುವುದು ನೋಡಲು ಸುಲಭ, ಮಾಡಿ ನೋಡಿ ಗೊತ್ತಾಗುತ್ತದೆ. ಕಾಫಿ ಒಂದು ಕೊಟ್ಟು ಬಂದು ಮತ್ತೆ ಕೂರೋಣ ಎಂದು ಎದ್ದೆ.

ಕಾಫಿಯ ಹಿಂದೆ ಉಪ್ಪಿಟ್ಟು ಬಂತು. ಉಪ್ಪಿಟ್ಟಾದ ಮೇಲೆ ಅತ್ತೆ ಸೊಪ್ಪು ಸೋಸುತ್ತ, “ಮದ್ಯಾನಕ್ಕೆ ಮುದ್ದೆ, ಬಸ್ಸಾರು ಮಾಡ್ಬುಡು, ಕೋಳೀನೂ ಒಂದಿರ್ಲಿ” ಎಂದರು. ಮುದ್ದೆಯ ಗುಣ ನಿಮಗೆ ಗೊತ್ತಲ್ಲ, ಮಾಡಿಟ್ಟು ಆಮೇಲೆ ಎಲ್ಲರ ಜೊತೆ ಕೂತು ಉಣ್ಣುವ ವಸ್ತು ಅದಲ್ಲ. ಬಿಸಿಬಿಸಿ ತೊಳಸಬೇಕು, ಬಿಸಿಬಿಸಿ ಕಟ್ಟಬೇಕು, ಕಟ್ಟಿದ್ದು ಕಟ್ಟಿದ ಹಾಗೆ ತಟ್ಟೆಗೆ ಹೋಗಬೇಕು. ಮಧ್ಯಾಹ್ನ ಇಡೀ ಪಡೆ ನಡುಮನೆಯಲ್ಲಿ ಸಾಲಾಗಿ ಕೂತಿತು. ಇವರು ಆ ಸಾಲಿನ ತುದಿಯಲ್ಲಿ ಕೂತು ತಾತನ ಕಥೆ ಹೇಳುತ್ತ, ನಡುನಡುವೆ “ಲೇ, ನೀರು” ಎನ್ನುತ್ತಿದ್ದರು. ಸಿಂಚನಾ ಎಡಗೈಲಿ ಮೊಬೈಲ್ ತೀಡುತ್ತ ಬಲಗೈಲಿ ಉಣ್ಣುತ್ತಿದ್ದಳು. ಪೂರ್ಣಿಮಾಳ ಸಹಾಯಕ ಹುಬ್ಬಳ್ಳಿ ಕಡೆಯವನು, ರೊಟ್ಟಿ ತಿಂದ ಹಾಗೆ ಮುದ್ದೆ ಅಗಿಯುತ್ತಿದ್ದ. ಅತ್ತೆ ಎದುರಿಗೇ ಕೂತು, “ಅಗೀಬ್ಯಾಡ ಕಣಪ್ಪ, ನುಂಗು, ನುಂಗು” ಎಂದು ಅವನಿಗೆ ಪಾಠ ಹೇಳುತ್ತಿದ್ದರು. ಕ್ಯಾಮೆರಾದ ಹುಡುಗ ಮಾತ್ರ ಆಮೇಲೆ ಉಣ್ಣುತ್ತೇನೆಂದು ಬೆಳಗಿನಿಂದ ನನ್ನ ಹಿಂದೆಯೇ ಸುತ್ತುತ್ತಿದ್ದ. ಸಂಜೆ ಅವರನ್ನೆಲ್ಲ ಬೀಳ್ಕೊಟ್ಟು ಪಾತ್ರೆ ತೊಳೆಯುವಾಗ ಸೋಫಾ ನೆನಪಾಯಿತು. ನನ್ನ ಉಪಾಯ ಮಣ್ಣುಪಾಲಾಗಿತ್ತು. ಇಷ್ಟು ಚುರುಕಾದ ಸೊಸೆಯನ್ನು ಕಂಡು ಅವರು ಬಿಡುತ್ತಾರೆಯೇ ಎಂದು ಅಳುವೇ ಬಂತು.

ಒಂದು ವಾರ ಬಸ್ಸಿನಲ್ಲಿ ಕೂತರೂ ಸುಖವಿರಲಿಲ್ಲ. ಪಕ್ಕದ ಸೀಟಿನ ಗೆಳತಿಗೆ, ನಾನು ಹೋದ ಮೇಲೆ ಈ ಕಿಟಕಿ ನೀನೇ ಇಟ್ಟುಕೋ ಎಂದು ಬಿಟ್ಟುಕೊಡುವ ಮಾತೂ ಆಡಿದ್ದೆ. ಭಾನುವಾರ ಒಗ್ಗರಣೆ ಹಾಕುತ್ತಿದ್ದಾಗ ಪೂರ್ಣಿಮಾಳ ಫೋನ್ ಬಂತು. “ಬೇಜಾರ್ ಮಾಡ್ಕೋಬೇಡಿ ಮೇಡಂ, ನಿಮ್ಮ ಮನೆ ಸೆಲೆಕ್ಟ್ ಆಗ್ಲಿಲ್ಲ” ಎಂದಳು. ಒಲೆ ಆರಿಸಿ ಗೋಡೆಗೆ ಒರಗಿಕೊಂಡೆ. ನನ್ನ ಕೆಲಸ ಉಳಿಯಿತು, ನನ್ನ ಕಿಟಕಿ ಉಳಿಯಿತು. ಆ ಹುಡುಗಿಯನ್ನು ಫೋನಿನಲ್ಲೇ ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ಅಲ್ಲಿಗೆ ಸುಮ್ಮನಿರಬಹುದಿತ್ತು. ಯಾಕೆ ಎಂದು ಕೇಳಿದೆ.

“ಕಾಂಟ್ರಾಸ್ಟ್ ಸಿಗ್ತಿಲ್ಲ ಮೇಡಂ. ಅಂದು, ಇಂದು ಅಂತ ಪಕ್ಕಪಕ್ಕ ಇಟ್ಟು ತೋರಿಸ್ಬೇಕಲ್ವಾ? ಸಾರ್‌ದು ಓಕೆ, ಮಗಳದು ಸೂಪರ್. ನಿಮ್ದು ಮಾತ್ರ ಅಂದೂ ಅದೇ, ಇಂದೂ ಅದೇ.”

ನನಗೆ ರೇಗಿತು. ಬೇಡದ ಮದುವೆಯ ವರನೇ ನಮ್ಮನ್ನು ಬೇಡ ಎಂದರೆ ಹೇಗಾಗುತ್ತದೋ ಹಾಗಾಯಿತು. “ಅದ್ಹೇಗ್ರೀ? ನಮ್ಮನೇಲಿ ಮಿಕ್ಸಿ ಇಲ್ವಾ, ಫ್ರಿಜ್ ಇಲ್ವಾ, ವಾಷಿಂಗ್ ಮಷೀನ್ ಇಲ್ವಾ?”

“ಎಲ್ಲಾ ಇದೆ ಮೇಡಂ. ಎಲ್ಲದರ ಪಕ್ಕದಲ್ಲೂ ನೀವು ನಿಂತಿದೀರ. ಇಡೀ ದಿನದ ಫುಟೇಜಲ್ಲಿ ನೀವು ಕೂತಿರೋ ಒಂದೇ ಒಂದು ಶಾಟ್ ಇಲ್ಲ. ಒಂದು ಗಂಟೆ ಸೋಫಾ ಮೇಲೆ ಕೂತಿದ್ರೂ ಸಾಕಿತ್ತು, ಕಣ್ಮುಚ್ಕೊಂಡು ಸೆಲೆಕ್ಟ್ ಮಾಡ್ಬಿಡ್ತಿದ್ವಿ.”

“ಕೂತಿದ್ನಲ್ಲ, ನೀವು ಬಂದಾಗ!”

“ಆಗ ಕ್ಯಾಮೆರಾ ಇನ್ನೂ ಬ್ಯಾಗಲ್ಲಿತ್ತು ಮೇಡಂ.”

ಇವರು ಒಂದು ದಿನ ಮಂಕಾಗಿದ್ದು ಮೀಸೆ ಬೋಳಿಸಿಕೊಂಡರು. ನನ್ನ ಖುಷಿಗೆ ಮಾತ್ರ ತಡೆಯಿರಲಿಲ್ಲ. ಮುತ್ತಜ್ಜನ ಕಾಲದಿಂದ ತಪ್ಪಿಸಿಕೊಂಡ ಸಂತೋಷಕ್ಕೆ ಅಂದೇ ದ್ರಾಕ್ಷಿ ಗೋಡಂಬಿ ಸುರಿದು ಶಾವಿಗೆ ಪಾಯಸ ಮಾಡಿ ಎಲ್ಲರನ್ನೂ ಕೂಗಿದೆ. ಇವರಿಗೆ ಬಡಿಸಿದೆ, ಮಗಳಿಗೆ ಬಡಿಸಿದೆ, ಗೀಸರ್ ವಿಷಯ ಹೇಳಲು ಇಳಿದು ಬಂದಿದ್ದ ಪೀಜಿ ಹುಡುಗನಿಗೂ ಒಂದು ಲೋಟ ಕೊಟ್ಟೆ. ಅತ್ತೆ ತಮ್ಮ ಪಕ್ಕದ ಕುರ್ಚಿ ಎಳೆದು, “ಬಾರಮ್ಮ, ಕುಂತ್ಕೊಂಡು ನೀನೂ ವಸಿ ಕುಡಿ” ಎಂದರು.

“ಇರಿ ಅತ್ತೆ, ಮೊದ್ಲು ಎಲ್ಲರದೂ ಆಗ್ಲಿ” ಎಂದೆ. ಅಂದದ್ದೇ ತಡ, ಸೌಟು ಹಿಡಿದ ಕೈ ಅಲ್ಲೇ ನಿಂತಿತು. ಅತ್ತ ಇತ್ತ ನೋಡಿದೆ. ಪುಣ್ಯಕ್ಕೆ ಚಾನೆಲ್ಲಿನವರು ಯಾರೂ ಇರಲಿಲ್ಲ.