ಒಂದೇ ಅಂಜಲ್ ಮೀನಿಗೆ ಎರಡು ಹೆಸರು

ಒಂದು ಮೀನಿಗೆ ಇಬ್ಬರು ಹೆಂಗಸರು ಕೈ ಹಾಕಿದರೆ ಏನಾಗುತ್ತದೆ ಎಂದು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಮೂರನೇ ಕ್ಲಾಸು ಸಾಕು; ನಾನು ಓದಿದ್ದೂ ಅಷ್ಟೇ. ಆದರೆ ನನ್ನ ಮೊಮ್ಮಗಳು ದೀಕ್ಷಾ ನಾಲ್ಕು ವರ್ಷ ಅದನ್ನೇ ಓದಿ, ಕಾಪುವಿನ ನಮ್ಮ ಮೀನಿನಂಗಡಿಯ ಆರ್ಡರ್ ಪಟ್ಟಿಯನ್ನು ಕ್ಲೌಡಿಗೆ ಹಾಕಿದಳು. ಪಟ್ಟಿಯ ಒಂದು ಪ್ರತಿ ಮುಂಬಯಿಯಲ್ಲಿ, ಇನ್ನೊಂದು ಹೈದರಾಬಾದಿನಲ್ಲಿ; ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಮಗಳು ಶೈಲಾ ಮಣಿಪಾಲದಲ್ಲಿ ಆರ್ಡರ್ ಹಿಡಿದರೆ ಅದು ಮುಂಬಯಿಗೆ ಹೋಗುತ್ತದೆ, ಸೊಸೆ ವನಜ ಕಾರ್ಕಳದಲ್ಲಿ ಹಿಡಿದರೆ ಹೈದರಾಬಾದಿಗೆ. ಆಮೇಲೆ ಎರಡೂ ಪ್ರತಿಗಳು ಮಾತಾಡಿಕೊಂಡು ಒಂದಾಗುತ್ತವಂತೆ. ಶೈಲಾ, ವನಜ ಮಾತಾಡಿಕೊಂಡು ಒಂದಾದದ್ದನ್ನು ನಾನಂತೂ ನೋಡಿಲ್ಲ. "ಕಾಪುವಿನ ಬಂಗುಡೆಯ ಪಟ್ಟಿಗೆ ಕಾಪುವಿನಲ್ಲಿ ಜಾಗ ಇರಲಿಲ್ವಾ ಮಾರಾಯ್ತಿ?" ಎಂದು ಕೇಳಿದ್ದೆ. ನಕ್ಕಿದ್ದಳು.

ಮೊನ್ನೆ ನಮಗೆ ಸಿಕ್ಕಿದ್ದು ಒಂದೇ ದೊಡ್ಡ ಅಂಜಲ್. ವನಜ ಅದನ್ನು ಕಾರ್ಕಳದ ತನ್ನ ತಂಗಿಯ ಬಯಕೆ ಊಟಕ್ಕೆಂದು ಬರೆದಳು. ಏಳು ತಿಂಗಳ ಬಸುರಿ, ಅಂಜಲ್ ಬಿಟ್ಟು ಬೇರೇನೂ ಬೇಡ ಎಂದು ಹಟ ಹಿಡಿದವಳು. ಅದೇ ಹೊತ್ತಿಗೆ ಶೈಲಾ ಅದೇ ಮೀನಿಗೆ ಒಂದು ಹೋಟೆಲಿನ ಹೆಸರು ಬರೆದಳು. ಇಬ್ಬರ ಫೋನಿನಲ್ಲೂ ಹಸಿರು ಗುರುತು ಬಂತು. ಸ್ವಲ್ಪ ಹೊತ್ತಿನಲ್ಲಿ ಬಸುರಿಯ ಹೆಸರು ಸದ್ದಿಲ್ಲದೆ ಅಳಿಸಿಹೋಯಿತು.

ವನಜ ಫೋನಿನಲ್ಲೇ ಕೂಗಿದಳು: "ಅತ್ತೆ, ಇದು ನಿಮ್ಮ ಮಗಳದ್ದೇ ಕೆಲಸ!"

ದೀಕ್ಷಾಳನ್ನು ಕರೆದು ಕೇಳಿದೆ. "ಯಾರದ್ದೂ ತಪ್ಪಲ್ಲ ಅಜ್ಜಿ. ಕೊನೆಗೆ ಬರೆದದ್ದು ನಿಲ್ಲುತ್ತದೆ, ಮೊದಲಿನದ್ದು ಹೋಗುತ್ತದೆ. ನಿಯಮ ಹಾಗೆ ಉಂಟು."

"ಎಂತ ನಿಯಮ? ಮೀನು ನನ್ನ ಬುಟ್ಟಿಯಲ್ಲಿ, ತೀರ್ಪು ಹೈದರಾಬಾದಿನಲ್ಲಾ? ಎರಡೂ ಹೆಸರು ಇಡು. ಯಾರಿಗೆ ಅಂತ ನಾನು ಹೇಳ್ತೇನೆ."

ಹಾಗೆ ಮಾಡುವ ಕ್ರಮವೂ ಅವಳ ಪುಸ್ತಕದಲ್ಲಿ ಇದೆಯಂತೆ. ಮತ್ತೆ ಯಾಕೆ ಮಾಡಲಿಲ್ಲ ಎಂದು ನಾನು ಕೇಳಲಿಲ್ಲ. ಮಧ್ಯಾಹ್ನದೊಳಗೆ ನನ್ನ ಫೋನಿನಲ್ಲಿ ಎರಡು ಹೆಸರೂ ಬಂದವು. ಹೋಟೆಲಿನವನಿಗೆ ಬಂಗುಡೆಯಾದರೂ ನಡೆಯುತ್ತದೆ, ಬಸುರಿಗೆ ನಡೆಯುವುದಿಲ್ಲ. ಅವಳ ಹೆಸರನ್ನು ಒತ್ತಿ, ಅಂಜಲನ್ನು ಐಸಿನಲ್ಲಿಟ್ಟು, ದೊಡ್ಡ ನ್ಯಾಯಾಧೀಶರ ಹಾಗೆ ಕುಳಿತೆ.

ಆಗ ಪಕ್ಕದ ಮನೆಯ ಗಿರಿಜಕ್ಕ ಚೀಲ ಹಿಡಿದುಕೊಂಡು ಬಂದರು. "ಎಲ್ಲಿ ನನ್ನ ಅಂಜಲ್? ಬೆಳಿಗ್ಗೆ ಕೇಳಿದ್ದಕ್ಕೆ ಆಯ್ತು ಅಂದಿರಲ್ಲ?"

ಅಂದಿದ್ದೆ. ನಾನು ಎಲ್ಲರಿಗೂ ಹಾಗೆಯೇ ಅನ್ನುವುದು. ನನ್ನ ಬಾಯಲ್ಲಿ ಆಯ್ತು ಎಂದರೆ ಕೇಳಿಸಿತು ಎಂದರ್ಥ, ಕೊಡುತ್ತೇನೆ ಎಂದಲ್ಲ. ಅಂಜಲ್ ಕಾರ್ಕಳದ ಬಸ್ಸು ಹತ್ತಿತು. ಗಿರಿಜಕ್ಕ ಮುಖ ಊದಿಸಿಕೊಂಡು ಬಂಗುಡೆ ಒಯ್ದರು.

ದೀಕ್ಷಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಅಜ್ಜಿ, ಇನ್ನು ಮೇಲೆ ಬಾಯಲ್ಲಿ ಯಾರಿಗೂ ಮಾತು ಕೊಡಬೇಡಿ. ಫೋನಿನಲ್ಲಿ ಬರೆಯಿರಿ, ಆಯ್ತಾ?"

"ಆಯ್ತು" ಎಂದೆ.